ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೆ ಬೆಲೆ ತೆರುವವರು ಯಾರು?

ಚನ್ನಪಟ್ಟಣದ ಲೇತ್‌ಗಳಿಂದ ಅರಗಿನ ಬಣ್ಣ ಹೊತ್ತು ಹೊರಬರುವ ಗೊಂಬೆಗಳಲ್ಲಿ ಬಹುಪಾಲು ದುಂಡಗಿನವು. ತಿರುಗುವ ಮರಕ್ಕೆ ಉಳಿ ಹಿಡಿದು ರೂಪ ಕೊಡುವ ಕಸುಬಿನಲ್ಲಿ ಗೋಳ, ಬಟ್ಟಲು, ಗಾಲಿ, ಗೂಟಗಳೇ ಸಹಜ ಆಕಾರಗಳು. ಬಳಸುವ ಹಾಲೆ ಮರವೂ ಹಗುರ. ಆದರೆ ಈ ಗೊಂಬೆಗಳನ್ನು ದೂರದ ಊರಿಗೆ ಒಯ್ಯುವ ರಟ್ಟಿನ ಪೆಟ್ಟಿಗೆಗೆ ಆರು ಚಪ್ಪಟೆ ಮುಖಗಳು, ಎಂಟು ಮೂಲೆಗಳು. ಗೊಂಬೆಗೂ ಪೆಟ್ಟಿಗೆಗೂ ನಡುವೆ ಉಳಿಯುವ ಜಾಗದಲ್ಲಿ ಗಾಳಿಯ ಹೊರತು ಏನಿಲ್ಲ. ಹಾಗಿದ್ದೂ ಆ ಜಾಗಕ್ಕೆ ಸಾಗಣೆ ದರ ಬೀಳುತ್ತದೆ, ಅದನ್ನು ತುಂಬಲು ಕಾಗದವೋ ಪ್ಲಾಸ್ಟಿಕ್ಕೋ ಬೇಕಾಗುತ್ತದೆ, ಅದನ್ನು ಹೊತ್ತೊಯ್ಯಲು ಡೀಸೆಲ್ ಸುಡಬೇಕಾಗುತ್ತದೆ.

ಅಂಗಡಿಗೆ ಹೋಗಿ ಕೊಳ್ಳುವ ಕಾಲದಲ್ಲಿ ಇದು ಸಾಗಣೆದಾರರ ಒಳಗಿನ ಲೆಕ್ಕವಾಗಿತ್ತು. ಈಗ ಹಳ್ಳಿಯ ಕುಶಲಕರ್ಮಿ, ಮಹಿಳಾ ಸ್ವಸಹಾಯ ಗುಂಪು, ಮನೆಯಿಂದಲೇ ಮಾರುವ ಸಣ್ಣ ಉದ್ಯಮಿ ಎಲ್ಲರೂ ಒಂದೊಂದೇ ಪಾರ್ಸೆಲ್ ಕಟ್ಟಿ ದೇಶದ ಮೂಲೆಮೂಲೆಗೆ ಕಳುಹಿಸುತ್ತಿದ್ದಾರೆ. ವಕ್ರವಾದ, ಕೊಂಕಾದ, ಚಾಚಿಕೊಂಡ ಭಾಗಗಳುಳ್ಳ ವಸ್ತುವನ್ನು ಹೇಗೆ ಅಳೆಯಬೇಕು, ಅದಕ್ಕೆ ಯಾವ ಪೆಟ್ಟಿಗೆ ಆರಿಸಬೇಕು, ಆ ಅಳತೆಯನ್ನು ಕೊನೆಗೆ ನಿರ್ಧರಿಸುವ ಹಕ್ಕು ಯಾರದು ಎಂಬ ಪ್ರಶ್ನೆಗಳು ಅವರ ಲಾಭನಷ್ಟವನ್ನು ನೇರವಾಗಿ ತಟ್ಟುತ್ತವೆ. ಈ ಪ್ರಶ್ನೆಗಳಿಗೆ ಗಣಿತ, ವ್ಯಾಪಾರ, ಪರಿಸರ ಮತ್ತು ಕಾನೂನು ಎಂಬ ನಾಲ್ಕು ಮುಖಗಳಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಚಿತ್ರ ಪೂರ್ಣವಾಗುವುದಿಲ್ಲ.

ತೂಕದಿಂದ ಗಾತ್ರಕ್ಕೆ

ಸರಕಿಗೆ ತೂಕದಿಂದ ಮಾತ್ರ ಬೆಲೆಕಟ್ಟುವ ರೂಢಿ ನಮ್ಮಲ್ಲಿ ಬಹಳ ಹಳೆಯದೇನಲ್ಲ. ಧಾನ್ಯವನ್ನು ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದರು; ಹೂವಿಗೆ ಮೊಳ, ಮಾರು; ಬೆಲ್ಲಕ್ಕೆ ತಕ್ಕಡಿ. ಮಂಡಕ್ಕಿಯನ್ನು ಇಂದಿಗೂ ಹಲವು ಊರುಗಳಲ್ಲಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ಹಗುರವಾಗಿದ್ದು ಹೆಚ್ಚು ಜಾಗ ಹಿಡಿಯುವ ವಸ್ತುವಿಗೆ ತೂಕದ ಬೆಲೆ ಹೊಂದುವುದಿಲ್ಲ ಎಂಬ ತಿಳಿವಳಿಕೆ ಸಂತೆಯಲ್ಲೇ ಇತ್ತು. ಅಳತೆಯ ಜಗಳವೂ ಇತ್ತು. ಸೇರಿನ ಮೇಲೆ ರಾಶಿ ಏರಿಸಿ ಅಳೆಯಬೇಕೇ, ಬಾಯಿಮಟ್ಟಕ್ಕೆ ಸವರಿ ಅಳೆಯಬೇಕೇ ಎಂಬುದರ ಮೇಲೆ ರೈತನ ಆದಾಯ ನಿಂತಿರುತ್ತಿತ್ತು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆಯ ನಂತರ ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿತು. ಬಹುತೇಕ ವ್ಯವಹಾರ ಕಿಲೋಗ್ರಾಮಿಗೆ ಒಗ್ಗಿಕೊಂಡಿತು.

ಸಾಗಣೆಯ ಲೋಕದಲ್ಲಿ ಮಾತ್ರ ಗಾತ್ರ ಎಂದೂ ಮರೆಯಾಗಲಿಲ್ಲ. ಒಂದೇ ಕಂಟೇನರನ್ನು ಹಲವರು ಹಂಚಿಕೊಂಡು ಹಡಗಿನಲ್ಲಿ ಕಳುಹಿಸುವಾಗ ಒಂದು ಘನ ಮೀಟರ್ ಜಾಗವನ್ನು ಒಂದು ಟನ್ ತೂಕಕ್ಕೆ ಸಮವೆಂದು ಹಿಡಿದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುವುದು ರೂಢಿ. ವಿಮಾನದಲ್ಲಿ ಜಾಗ ಇನ್ನೂ ದುಬಾರಿ. ಅಲ್ಲಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬರುವ ಸಂಖ್ಯೆ ಕಿಲೋಗ್ರಾಮಿನಲ್ಲಿ ಸರಕಿನ ‘ವಾಲ್ಯೂಮೆಟ್ರಿಕ್ ತೂಕ’, ಅಂದರೆ ಲೆಕ್ಕದ ತೂಕ. ಈ ಲೆಕ್ಕದಲ್ಲಿ ಒಂದು ಘನ ಮೀಟರ್ ಸುಮಾರು 167 ಕಿಲೋಗ್ರಾಮಿಗೆ ಸಮ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ಆಗ ಅದೇ ಜಾಗ 200 ಕಿಲೋಗ್ರಾಮ್ ಆಗುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಕಟ್ಟಿದ ಪಾರ್ಸೆಲ್ ಪ್ರತಿ ಲೀಟರ್ ಜಾಗಕ್ಕೆ 200 ಗ್ರಾಂಗಿಂತ ಕಡಿಮೆ ತೂಗಿದರೆ ಕಳುಹಿಸುವವರು ಹಣ ಕೊಡುವುದು ಜಾಗಕ್ಕೆ. ವಸ್ತುವಿನ ನಿಜವಾದ ತೂಕ ಬಿಲ್ಲಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಅಂತರ್ಜಾಲದ ವ್ಯಾಪಾರ ಬೆಳೆದಂತೆ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಅಮೆರಿಕದ ಎರಡು ದೊಡ್ಡ ಪಾರ್ಸೆಲ್ ಕಂಪನಿಗಳು ರಸ್ತೆ ಸಾಗಣೆಯಲ್ಲಿ ಮೂರು ಘನ ಅಡಿಗಿಂತ ಚಿಕ್ಕ ಪೆಟ್ಟಿಗೆಗಳಿಗೆ ಮೊದಲು ವಿನಾಯಿತಿ ಕೊಟ್ಟಿದ್ದವು. 2015ರ ಆರಂಭದ ಹೊತ್ತಿಗೆ ಅದು ಹೋಯಿತು. 2017ರಲ್ಲಿ ಅವು ಘನ ಇಂಚಿನ ಲೆಕ್ಕದ ಭಾಜಕವನ್ನು 166ರಿಂದ 139ಕ್ಕೆ ಇಳಿಸಿದವು. ಆ ಭಾಜಕ ಅನ್ವಯವಾದ ಪಾರ್ಸೆಲ್‌ಗಳ ಲೆಕ್ಕದ ತೂಕ ಒಂದೇ ಏಟಿಗೆ ಸುಮಾರು ಶೇ 19ರಷ್ಟು ಏರಿತು. 2025ರ ಆಗಸ್ಟ್‌ನಿಂದ ಇಂಚಿನ ಯಾವುದೇ ಭಿನ್ನಭಾಗವನ್ನು ಮುಂದಿನ ಪೂರ್ಣ ಇಂಚಿಗೆ ಏರಿಸಿ ಎಣಿಸುವ ನಿಯಮ ಬಂದಿದೆ. ಅಳತೆಯ ಸೂಕ್ಷ್ಮಗಳು ಆದಾಯದ ಮೂಲವಾಗಿ ಬದಲಾಗುತ್ತಿರುವುದಕ್ಕೆ ಇವು ನಿದರ್ಶನಗಳು.

ವೈನ್ ಪೀಪಾಯಿಯ ಪಾಠ

ವಕ್ರ ಆಕಾರಕ್ಕೆ ನೇರ ಕೋಲು ಹಿಡಿದು ಬೆಲೆ ಕಟ್ಟಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ನಾಲ್ಕು ಶತಮಾನಗಳ ಇತಿಹಾಸವಿದೆ. ಗ್ರಹಗಳ ಚಲನೆಗೆ ಮೂರು ನಿಯಮಗಳನ್ನು ಕೊಟ್ಟ ಖಗೋಳವಿಜ್ಞಾನಿ 1613ರಲ್ಲಿ ಆಸ್ಟ್ರಿಯಾದ ಲಿಂಜ್ ನಗರದಲ್ಲಿದ್ದಾಗ ಮನೆಗೆ ವೈನ್ ತರಿಸಿದರು. ವ್ಯಾಪಾರಿ ಪೀಪಾಯಿಯ ಹೊಟ್ಟೆಯ ತೂತಿನಿಂದ ಒಂದು ಕೋಲನ್ನು ಓರೆಯಾಗಿ ತಳದ ಅಂಚಿಗೆ ತಾಗುವಂತೆ ಇಳಿಬಿಟ್ಟು, ಒದ್ದೆಯಾದ ಉದ್ದ ನೋಡಿ ಬೆಲೆ ಹೇಳಿದ. ಆ ವಿಜ್ಞಾನಿಗೆ ಇದು ಸಮಾಧಾನ ತರಲಿಲ್ಲ. ಕೋಲು ಒಂದೇ ಉದ್ದ ತೋರಿಸಿದರೂ ಉದ್ದನೆಯ ಸಪೂರ ಪೀಪಾಯಿಯಲ್ಲಿ ಹಿಡಿಸುವ ವೈನ್ ಬೇರೆ, ಗಿಡ್ಡನೆಯ ಅಗಲ ಪೀಪಾಯಿಯಲ್ಲಿ ಹಿಡಿಸುವುದು ಬೇರೆ. ಈ ತೊಡಕನ್ನು ಬಿಡಿಸಿ ಅವರು ಬರೆದ ಪೀಪಾಯಿಗಳ ಘನಗಣಿತದ ಪುಸ್ತಕ 1615ರಲ್ಲಿ ಲಿಂಜ್‌ನಲ್ಲೇ ಅಚ್ಚಾಯಿತು.

ಅವರ ಪರಿಶೀಲನೆಯ ಫಲ ಇಂದಿಗೂ ಗಮನಾರ್ಹ. ಆಸ್ಟ್ರಿಯಾದ ಪೀಪಾಯಿಗಳ ಅಗಲ–ಉದ್ದದ ಪ್ರಮಾಣ, ಕೊಟ್ಟ ಕೋಲಿನ ಉದ್ದಕ್ಕೆ ಅತಿ ಹೆಚ್ಚು ವೈನ್ ಹಿಡಿಸುವ ಪ್ರಮಾಣಕ್ಕೆ ಹತ್ತಿರವಾಗಿತ್ತು. ಅಂಥ ಗರಿಷ್ಠ ಬಿಂದುವಿನ ಆಸುಪಾಸಿನಲ್ಲಿ ಆಕಾರ ತುಸು ಬದಲಾದರೂ ಗಾತ್ರ ಹೆಚ್ಚೇನೂ ಬದಲಾಗದು. ಹಾಗಾಗಿ ಆ ಊರಿನ ಕೋಲಿನ ಅಳತೆ ಹೆಚ್ಚು ಕಡಿಮೆ ನ್ಯಾಯವಾಗಿಯೇ ಇತ್ತು. ಪೀಪಾಯಿಯ ಆಕಾರ ಬೇರೆಯಾದ ಕಡೆಗಳಲ್ಲಿ ಅದೇ ಕೋಲು ಮೋಸ ಮಾಡುತ್ತಿತ್ತು. ಒರಟಾದ ಅಳತೆಯೂ ಪ್ರಾಮಾಣಿಕವಾಗಿರಬೇಕಾದರೆ ಪಾತ್ರೆಯ ಆಕಾರ ಎಲ್ಲರಿಗೂ ಗೊತ್ತಿದ್ದು ಒಂದೇ ಮಾದರಿಯದಾಗಿರಬೇಕು ಎಂಬುದು ಅಲ್ಲಿನ ಪಾಠ.

ಇದೇ ಪಾಠ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲೂ ಕಾಣುತ್ತದೆ. ಅಲ್ಲಿ ಹರಾಜು ನಡೆಯುವುದು 15 ಕಿಲೋಗ್ರಾಮಿನ ಬಾಕ್ಸ್ ಲೆಕ್ಕದಲ್ಲಿ. ಹಣ್ಣು ಒಂದೊಂದೂ ಒಂದೊಂದು ಆಕಾರದ್ದಾದರೂ ಕ್ರೇಟು ಎಲ್ಲರಿಗೂ ಪರಿಚಿತ. ರೈತ, ದಲ್ಲಾಳಿ, ಲಾರಿಯವರು ಮೂವರೂ ಅದನ್ನು ಕಣ್ಣಳತೆಯಲ್ಲೇ ಒಪ್ಪಿಕೊಳ್ಳುತ್ತಾರೆ. ಪಾರ್ಸೆಲ್ ಲೋಕಕ್ಕೆ ಇಂಥ ಸರ್ವಸಮ್ಮತ ಪಾತ್ರೆ ಇಲ್ಲ. ಪ್ರತಿ ವಸ್ತುವಿಗೂ ಹೊಸ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಹೊಸ ಅಳತೆ, ಪ್ರತಿ ಅಳತೆಗೂ ಹೊಸ ತಕರಾರು.

ಅಳೆಯಬೇಕಾದ್ದು ಯಾವುದು?

ಕ್ರಮವಿಲ್ಲದ ಆಕಾರದ ವಸ್ತುವಿಗೆ ಒಂದಲ್ಲ, ಮೂರು ಗಾತ್ರಗಳಿವೆ. ಮೊದಲನೆಯದು ಅದರ ನಿಜವಾದ ಗಾತ್ರ. ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆದರೆ ಅದು ಸಿಗುತ್ತದೆ ಎಂಬುದು ಶಾಲೆಯ ಪಾಠ. ನೀರು ತಾಗಬಾರದ ವಸ್ತುವಿಗೆ ಸಣ್ಣ ಕಾಳು ಬಳಸಬಹುದು. ಬ್ರೆಡ್ಡಿನ ಗಾತ್ರವನ್ನು ಅಳೆಯಲು ಬೇಕರಿ ಉದ್ಯಮ ಇಂದಿಗೂ ಸಾಸಿವೆ ಜಾತಿಯ ಬೀಜಗಳಲ್ಲಿ ಅದನ್ನು ಹುದುಗಿಸುವ ವಿಧಾನವನ್ನು ಅನುಸರಿಸುತ್ತದೆ. ಅರಗು ಬಳಿದ ಗೊಂಬೆಗೆ ರಾಗಿಯೂ ಸಾಕು. ಆದರೆ ಈ ಅಳತೆ ಪೆಟ್ಟಿಗೆ ಆರಿಸಲು ನೆರವಾಗದು. ಅದರ ಉಪಯೋಗ ಬೇರೆ: ಪೆಟ್ಟಿಗೆಯ ಒಳಗಾತ್ರದಿಂದ ವಸ್ತುವಿನ ಗಾತ್ರವನ್ನು ಕಳೆದರೆ ಎಷ್ಟು ಜಾಗ ಖಾಲಿ ಹೋಗುತ್ತಿದೆ, ಎಷ್ಟು ತುಂಬುವ ಸಾಮಗ್ರಿ ಬೇಕು ಎಂಬುದು ಮುಚ್ಚುಮರೆಯಿಲ್ಲದೆ ಗೊತ್ತಾಗುತ್ತದೆ.

ಎರಡನೆಯದು ವಸ್ತುವನ್ನು ಪೂರ್ತಿ ಒಳಗೊಳ್ಳುವ ಅತಿ ಚಿಕ್ಕ ಆಯತಾಕಾರದ ಪೆಟ್ಟಿಗೆಯ ಗಾತ್ರ. ಸಾಗಣೆಯ ದರ ನಿಂತಿರುವುದು ಇದರ ಮೇಲೆ. ವಸ್ತುವಿನ ಹೊರತುದಿಗಳನ್ನೆಲ್ಲ ಬಳಸಿ ಬಿಗಿಯಾಗಿ ಬಟ್ಟೆ ಸುತ್ತಿದಂತೆ ಕಲ್ಪಿಸಿಕೊಂಡರೆ, ಆ ಹೊದಿಕೆಯೊಳಗಿನ ಗುಳಿ, ಕೊರಕಲು, ಟೊಳ್ಳು ಯಾವುವೂ ಪೆಟ್ಟಿಗೆಯ ಗಾತ್ರವನ್ನು ಬದಲಿಸುವುದಿಲ್ಲ. ಬದಲಿಸುವುದು ಚಾಚಿಕೊಂಡ ತುದಿಗಳು ಮತ್ತು ವಸ್ತುವನ್ನು ಇಡುವ ಭಂಗಿ. ಒಂದೇ ವಸ್ತುವನ್ನು ನಿಲ್ಲಿಸಿದಾಗ, ಮಲಗಿಸಿದಾಗ, ಓರೆಯಾಗಿಟ್ಟಾಗ ಬೇರೆ ಬೇರೆ ಪೆಟ್ಟಿಗೆ ಬೇಕಾಗುತ್ತದೆ. ಎಲ್ಲ ಭಂಗಿಗಳಲ್ಲಿ ಅತಿ ಚಿಕ್ಕದನ್ನು ನಿಖರವಾಗಿ ಹುಡುಕುವ ಗಣಕ ವಿಧಾನ 1985ರಲ್ಲಿ ಪ್ರಕಟವಾಯಿತು. ಗಣಕವಿಲ್ಲದೆಯೂ ಈ ಕೆಲಸ ಸಾಧ್ಯ. ಗೋಡೆಯ ಮೂಲೆಯಲ್ಲಿ ವಸ್ತುವನ್ನು ಒತ್ತಿ ಇಟ್ಟು, ಎದುರು ಬದಿಗಳಿಗೂ ಮೇಲಕ್ಕೂ ಬಡಗಿಯ ಮೂಲೆಮಟ್ಟ ಹಿಡಿದು ಮೂರು ಅಂತರಗಳನ್ನು ಓದಬೇಕು. ಭಂಗಿ ಬದಲಿಸಿ ಮತ್ತೆ ಓದಬೇಕು. ವಕ್ರ ಮೈಮೇಲೆ ಟೇಪು ಹಾಯಿಸಿ ತೆಗೆದ ಅಳತೆ ಯಾವಾಗಲೂ ತಪ್ಪುತ್ತದೆ, ಏಕೆಂದರೆ ಟೇಪು ವಸ್ತುವಿನ ಬಾಗನ್ನು ಅನುಸರಿಸುತ್ತದೆ, ಪೆಟ್ಟಿಗೆಯ ಗೋಡೆ ಅನುಸರಿಸುವುದಿಲ್ಲ.

ಮೂರನೆಯದು ರಕ್ಷಣೆಗೆ ಬೇಕಾದ ಅಂತರವನ್ನೂ ಸೇರಿಸಿಕೊಂಡ ಗಾತ್ರ. ಒಡೆಯುವ ವಸ್ತುವಿನ ಸುತ್ತ ಎಲ್ಲ ಕಡೆ ಸುಮಾರು ಐದು ಸೆಂಟಿಮೀಟರ್ ಮೆತ್ತನೆಯ ಅಂತರ ಇರಲಿ ಎಂಬುದು ಪ್ಯಾಕಿಂಗ್‌ನಲ್ಲಿ ಸಾಮಾನ್ಯ ಸಲಹೆ. ಆದರೆ ಎಲ್ಲ ವಸ್ತುಗಳೂ ಸಮಾನವಾಗಿ ಒಡೆಯುವುದಿಲ್ಲ, ಒಂದೇ ವಸ್ತುವಿನ ಎಲ್ಲ ಭಾಗಗಳೂ ಸಮಾನವಾಗಿ ಒಡೆಯುವುದಿಲ್ಲ. ಮಣ್ಣಿನ ಕುಡಿಕೆಗೆ ಕುತ್ತಿಗೆ ದುರ್ಬಲ, ಹೊಟ್ಟೆ ಗಟ್ಟಿ. ಎಲ್ಲಿ ಪೆಟ್ಟು ತಾಗಿದರೆ ಕೆಡುತ್ತದೆ ಎಂದು ತಿಳಿದವರು ಅಲ್ಲಿಗೆ ಮಾತ್ರ ಹೆಚ್ಚು ಅಂತರ ಕೊಡುತ್ತಾರೆ. ತಿಳಿಯದವರು ಎಲ್ಲ ಕಡೆ ಕೊಟ್ಟು ಎಲ್ಲದಕ್ಕೂ ದರ ತೆರುತ್ತಾರೆ.

ಒಂದು ಸೆಂಟಿಮೀಟರಿನ ಬೆಲೆ

ಲೆಕ್ಕ ಹಾಕಿ ನೋಡಿದರೆ ಈ ವ್ಯತ್ಯಾಸಗಳ ತೂಕ ಅರಿವಾಗುತ್ತದೆ. 20 ಸೆಂಟಿಮೀಟರ್ ವ್ಯಾಸದ, ಒಳಗೆ ಟೊಳ್ಳಾದ, 600 ಗ್ರಾಂ ತೂಗುವ ದುಂಡನೆಯ ಮರದ ವಸ್ತುವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಸರಿಯಾಗಿ ಹಿಡಿಸುವ ಘನಾಕೃತಿಯ ಪೆಟ್ಟಿಗೆಯಲ್ಲೂ ಗೋಳ ಆಕ್ರಮಿಸುವುದು ಶೇ 52ರಷ್ಟು ಜಾಗವನ್ನು ಮಾತ್ರ. ಉಳಿದದ್ದು ಜ್ಯಾಮಿತಿಯೇ ಹೇರುವ ಖಾಲಿ. ಸುತ್ತ ಎರಡೂವರೆ ಸೆಂಟಿಮೀಟರ್ ಅಂತರ ಕೊಟ್ಟರೆ ಪೆಟ್ಟಿಗೆಯ ಬದಿ 25 ಸೆಂಟಿಮೀಟರ್ ಆಗುತ್ತದೆ. ಬದಿ ಕಾಲುಭಾಗ ಹೆಚ್ಚಾದಾಗ ಗಾತ್ರ ಹೆಚ್ಚುಕಡಿಮೆ ಇಮ್ಮಡಿ: 8,000 ಘನ ಸೆಂಟಿಮೀಟರಿನಿಂದ 15,625ಕ್ಕೆ. 5000ದಿಂದ ಭಾಗಿಸಿದರೆ ಲೆಕ್ಕದ ತೂಕ 3.1 ಕಿಲೋಗ್ರಾಮಿಗೂ ಮೇಲೆ. ಅರ್ಧ ಕಿಲೋಗ್ರಾಮಿನ ಮೆಟ್ಟಿಲುಗಳಲ್ಲಿ ದರ ಏರುವ ಕಡೆ ಬಿಲ್ಲು ಬರುವುದು ಮೂರೂವರೆ ಕಿಲೋಗ್ರಾಮಿಗೆ. ವಸ್ತುವಿನ ತೂಕದ ಐದು ಪಟ್ಟಿಗೂ ಇದು ಹೆಚ್ಚು.

ಪೆಟ್ಟಿಗೆಯನ್ನು ಒಳಗಿನಿಂದ ಅಳೆದೆವೋ ಹೊರಗಿನಿಂದ ಅಳೆದೆವೋ ಎಂಬುದೂ ಇಷ್ಟೇ ಮುಖ್ಯ. ಐದು ಪ್ಲೈ ರಟ್ಟಿನ ದಪ್ಪ ಅರ್ಧ ಸೆಂಟಿಮೀಟರಿಗೂ ಮೀರಬಹುದು. ಒಳಗೆ 30 ಸೆಂಟಿಮೀಟರ್ ಇರುವ ಪೆಟ್ಟಿಗೆ ಹೊರಗೆ 31 ಆಗುತ್ತದೆ. ಹೆಚ್ಚು ತುಂಬಿ ಉಬ್ಬಿದರೂ ಅಷ್ಟೇ. 30 ಸೆಂಟಿಮೀಟರ್ ಬದಿಯ ಪೆಟ್ಟಿಗೆಯ ಲೆಕ್ಕದ ತೂಕ 5.4 ಕಿಲೋಗ್ರಾಂ, ದರದ ಮೆಟ್ಟಿಲು ಐದೂವರೆ. 31 ಸೆಂಟಿಮೀಟರಿನದಕ್ಕೆ 5.96 ಕಿಲೋಗ್ರಾಂ, ಮೆಟ್ಟಿಲು ಆರು. ಕಳುಹಿಸುವವರು ಒಳ ಅಳತೆ ಬರೆದಿರುತ್ತಾರೆ, ಕೊರಿಯರ್‌ನ ಗೋದಾಮಿನಲ್ಲಿ ಯಂತ್ರ ಹೊರ ಅಳತೆ ಓದುತ್ತದೆ. ಪಾರ್ಸೆಲ್ ಹೊರಟುಹೋದ ಮೇಲೆ ಖಾತೆಯಿಂದ ಹೆಚ್ಚುವರಿ ಹಣ ಕಡಿತವಾಗುತ್ತದೆ. ತೂಕ ವ್ಯತ್ಯಾಸದ ಈ ತಕರಾರು ಆನ್‌ಲೈನ್ ಮಾರಾಟದ ಸಣ್ಣ ವ್ಯಾಪಾರಿಗಳಿಗೆ ಚಿರಪರಿಚಿತ. ಪೆಟ್ಟಿಗೆಗೆ ಟೇಪು ಹಿಡಿದ ಫೋಟೊಗಳನ್ನು ನಿಗದಿತ ಗಡುವಿನೊಳಗೆ ಸಲ್ಲಿಸಿ ಅವರು ಹಣ ಮರಳಿ ಕೇಳಬೇಕು. ಆ ಹೊತ್ತಿಗೆ ಪೆಟ್ಟಿಗೆ ಗ್ರಾಹಕರ ಮನೆ ತಲುಪಿರುತ್ತದೆ, ಸಾಕ್ಷ್ಯ ಉಳಿದಿರುವುದಿಲ್ಲ.

ಯಂತ್ರಗಳಿಗೂ ಮಿತಿಗಳಿವೆ. ಸಾಗುವ ಬೆಲ್ಟಿನ ಮೇಲೆ ಲೇಸರ್ ಕಿರಣ ಅಥವಾ ಆಳ ಗ್ರಹಿಸುವ ಕ್ಯಾಮೆರಾ ಕ್ಷಣಾರ್ಧದಲ್ಲಿ ಮೂರು ಆಯಾಮಗಳನ್ನು ಓದಬಲ್ಲದು. ಆದರೆ ಹೊಳೆಯುವ ಮೈ ಬೆಳಕನ್ನು ಬೇರೆಡೆಗೆ ಪ್ರತಿಫಲಿಸುತ್ತದೆ, ಕಡುಗಪ್ಪು ಮೈ ಅದನ್ನು ಹೀರುತ್ತದೆ, ಪಾರದರ್ಶಕ ಪ್ಲಾಸ್ಟಿಕ್ ಅದನ್ನು ಹಾಯಬಿಡುತ್ತದೆ. ಅರಗಿನ ಮೆರುಗಿನ ಗೊಂಬೆ, ಬಿದರಿಯ ಕಪ್ಪು ಹೂಜಿ, ಗಾಜಿನ ಬಳೆಯ ಕಟ್ಟು ಇವುಗಳನ್ನು ಪೆಟ್ಟಿಗೆಗೆ ಹಾಕುವ ಮೊದಲೇ ಯಂತ್ರದಲ್ಲಿ ಅಳೆಯಲು ಹೊರಟರೆ ತಪ್ಪುಗಳು ನುಸುಳುತ್ತವೆ. ಮೃದುವಾದ ಕೊರಿಯರ್ ಚೀಲಗಳ ಆಕಾರ ಪ್ರತಿ ಬಾರಿ ಎತ್ತಿಟ್ಟಾಗಲೂ ಬದಲಾಗುತ್ತದೆ.

ಕಸುಬಿಗೊಂದು ಕಷ್ಟ

ಗಾತ್ರದ ದರ ಎಲ್ಲ ಉತ್ಪಾದಕರನ್ನೂ ಒಂದೇ ರೀತಿ ಬಾಧಿಸುವುದಿಲ್ಲ. ಬೀದರ್‌ನ ಬಿದರಿ ಕಲೆಯ ವಸ್ತುಗಳು ಸತು–ತಾಮ್ರದ ಮಿಶ್ರಲೋಹದವು. ಅವು ಭಾರ, ಪೆಟ್ಟಿಗೆ ಸ್ವಲ್ಪ ದೊಡ್ಡದಾದರೂ ಬಿಲ್ಲು ಸಾಮಾನ್ಯವಾಗಿ ನಿಜವಾದ ತೂಕಕ್ಕೇ ಬರುತ್ತದೆ. ಚನ್ನಪಟ್ಟಣದ ಟೊಳ್ಳು ಗೊಂಬೆ, ಬಿದಿರಿನ ಬುಟ್ಟಿ, ಕಾಗದದ ಹೂವು, ಒಣಗಿದ ಬ್ಯಾಡಗಿ ಮೆಣಸಿನಕಾಯಿಗಳದು ಇದಕ್ಕೆ ವಿರುದ್ಧ ಸ್ಥಿತಿ. ಭೌಗೋಳಿಕ ಗುರುತು ಪಡೆದ ನಮ್ಮ ಅನೇಕ ಉತ್ಪನ್ನಗಳು ಹಗುರ ಮತ್ತು ವಕ್ರ. ಗಾತ್ರದ ದರದ ಭಾರ ಅವುಗಳ ಮೇಲೇ ಹೆಚ್ಚು ಬೀಳುತ್ತದೆ.

ಸಂಗೀತ ವಾದ್ಯಗಳ ಕಷ್ಟ ಇನ್ನೂ ಗಹನ. ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ವೀಣೆ ಕಲಿಯುವಾಗ ವಾದ್ಯ ಇಲ್ಲಿಂದಲೇ ಹೋಗಬೇಕು. ಒಂದು ಕಡೆ ದೊಡ್ಡ ಕೊಡ, ಇನ್ನೊಂದು ಕಡೆ ಬಾಗಿದ ಯಾಳಿ ಮುಖ, ನಡುವೆ ಸಪೂರ ದಂಡಿ, ಅದರ ಕೆಳಗೆ ಬುರುಡೆ. ಈ ಎಲ್ಲವನ್ನೂ ಒಳಗೊಳ್ಳುವ ಪೆಟ್ಟಿಗೆ 130 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ ಇದೆ ಎಂದುಕೊಂಡರೆ ಲೆಕ್ಕದ ತೂಕ 41.6 ಕಿಲೋಗ್ರಾಂ, ವಾದ್ಯದ ತೂಕ ಅದರ ಒಂದು ಸಣ್ಣ ಪಾಲು. ಬುರುಡೆಯನ್ನು ಬಿಚ್ಚಿ ದಂಡಿಯ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು ಎತ್ತರವನ್ನು 30 ಸೆಂಟಿಮೀಟರಿಗೆ ಇಳಿಸಲು ಸಾಧ್ಯವಾದರೆ ಲೆಕ್ಕದ ತೂಕ 31.2ಕ್ಕೆ ಇಳಿಯುತ್ತದೆ. ವಾದ್ಯದ ಅಂಗರಚನೆ ಬಲ್ಲವರಿಗೆ ಮಾತ್ರ ಹೊಳೆಯುವ ಉಳಿತಾಯ ಇದು.

ಹಣ್ಣುಗಳ ಲೆಕ್ಕ ಇವೆರಡಕ್ಕಿಂತಲೂ ಬೇರೆ. ಒಂದೇ ಅಳತೆಯ ಗೋಳಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಶೇ 74ಕ್ಕಿಂತ ತುಸು ಮಾತ್ರ ಹೆಚ್ಚು ಜಾಗ ತುಂಬಬಹುದು. ಪೀಪಾಯಿಯ ಪುಸ್ತಕ ಬರೆದ ಅದೇ ವಿಜ್ಞಾನಿ 1611ರಲ್ಲಿ ಊಹಿಸಿದ ಈ ಮಿತಿಗೆ ಗಣಿತದ ಸಾಧನೆ ದೊರೆತದ್ದು 1998ರಲ್ಲಿ, ಗಣಕದ ಮೂಲಕ ಹೆಜ್ಜೆಹೆಜ್ಜೆಯ ಪರಿಶೀಲನೆ ಮುಗಿದದ್ದು 2014ರಲ್ಲಿ. ಸುಮ್ಮನೆ ಸುರಿದು ಅಲುಗಾಡಿಸಿದರೆ ಗೋಳಗಳು ತುಂಬುವುದು ಸುಮಾರು ಶೇ 64. ಆದರೆ ಶ್ರೀನಿವಾಸಪುರದ ಮಾವು ಗೋಳವಲ್ಲ, ಕಬ್ಬಿಣವೂ ಅಲ್ಲ. ಅದಕ್ಕೆ ಉಸಿರಾಡಲು ಗಾಳಿ ಬೇಕು, ಮೇಲಿನ ಹಣ್ಣಿನ ಭಾರ ಕೆಳಗಿನದನ್ನು ಜಜ್ಜಬಾರದು. ಇಲ್ಲಿ ಖಾಲಿ ಜಾಗವೆಲ್ಲ ವ್ಯರ್ಥವಲ್ಲ. ಒಂದು ಪಾಲು ಹಣ್ಣಿನ ಬಾಳಿಕೆಗೆ ಬೇಕಾದದ್ದು. ದಕ್ಷತೆಯನ್ನು ತುಂಬಿದ ಜಾಗದ ಪ್ರಮಾಣ ಒಂದರಿಂದಲೇ ಅಳೆಯುವವರು ಮರೆಯಬಾರದ ಅಂಶ ಇದು.

ಎಷ್ಟು ಬಗೆಯ ಪೆಟ್ಟಿಗೆ?

ಇಂದಿನ ಅಲೆಗೆರೆಯ ರಟ್ಟು ಹುಟ್ಟಿದ್ದು ಪೆಟ್ಟಿಗೆಗಾಗಿ ಅಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಾಗ ಅದು ಎತ್ತರದ ಟೋಪಿಗಳ ಒಳಪದರ. 1871ರಲ್ಲಿ ಅಮೆರಿಕದಲ್ಲಿ ಬಾಟಲಿ ಮತ್ತು ಲಾಟೀನಿನ ಗಾಜಿನ ಚಿಮಣಿಗಳಿಗೆ ಸುತ್ತುವ ಹೊದಿಕೆಯಾಗಿ ಪೇಟೆಂಟ್ ಪಡೆಯಿತು. ವಕ್ರವಾದ, ಒಡೆಯುವ ವಸ್ತುವಿನ ಮೈಗೆ ಹೊಂದಿಕೊಳ್ಳುವ ಸಾಮಗ್ರಿಯಾಗಿ ಬಂದದ್ದು ಕಾಲಕ್ರಮದಲ್ಲಿ ಗಟ್ಟಿ ಪದರಗಳ ನಡುವೆ ಸೇರಿ ಚೌಕ ಪೆಟ್ಟಿಗೆಯಾಯಿತು. ಲಾರಿ, ಗೋದಾಮು, ಕಂಟೇನರುಗಳೆಲ್ಲ ಆಯತಾಕಾರದಲ್ಲಿರುವುದರಿಂದ ಚೌಕ ಪೆಟ್ಟಿಗೆ ಅನಿವಾರ್ಯವೂ ಆಯಿತು. ವಸ್ತುವಿನ ಆಕಾರಕ್ಕೇ ಕತ್ತರಿಸಿದ ಪೆಟ್ಟಿಗೆ ತಾನೊಂದೇ ಇದ್ದಾಗ ಜಾಗ ಉಳಿಸಿದಂತೆ ಕಂಡರೂ, ಲಾರಿಯಲ್ಲಿ ಒಂದರ ಮೇಲೊಂದು ಪೇರಿಸುವಾಗ ಆ ಉಳಿತಾಯ ಕರಗಿಹೋಗುತ್ತದೆ.

ಹಾಗಾದರೆ ಒಂದು ಘಟಕ ಎಷ್ಟು ಅಳತೆಯ ಪೆಟ್ಟಿಗೆಗಳನ್ನು ಇಟ್ಟುಕೊಳ್ಳಬೇಕು? ಅಳತೆಗಳು ಕಡಿಮೆ ಇದ್ದರೆ ಸಗಟಿನಲ್ಲಿ ಅಗ್ಗ, ಪ್ಯಾಕಿಂಗ್ ಚುರುಕು, ಗೋದಾಮಿನಲ್ಲಿ ಅಚ್ಚುಕಟ್ಟು; ಆದರೆ ಬಹುತೇಕ ವಸ್ತುಗಳಿಗೆ ಪೆಟ್ಟಿಗೆ ದೊಡ್ಡದು. ಅಳತೆಗಳು ಹೆಚ್ಚಿದ್ದರೆ ಖಾಲಿ ಜಾಗ ಕುಗ್ಗುತ್ತದೆ; ಆದರೆ ದಾಸ್ತಾನು ಹಿಗ್ಗುತ್ತದೆ, ಕೆಲಸಗಾರರು ಆಯ್ಕೆಯಲ್ಲೇ ಸಮಯ ಕಳೆಯುತ್ತಾರೆ. ಪ್ರತಿ ವಸ್ತುವನ್ನು ಅಳೆದು ಸ್ಥಳದಲ್ಲೇ ಅದರ ಅಳತೆಗೆ ಪೆಟ್ಟಿಗೆ ಕತ್ತರಿಸಿಕೊಡುವ ಯಂತ್ರಗಳಿವೆ. ಅವುಗಳ ಬಂಡವಾಳ ದೊಡ್ಡ ಗೋದಾಮುಗಳಿಗೆ ಮಾತ್ರ ಎಟುಕುವಂಥದು.

ಹಲವು ವಸ್ತುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕುವಾಗ ತೊಡಕು ಗುಣಾಕಾರದಲ್ಲಿ ಬೆಳೆಯುತ್ತದೆ. ಬದಿಗಳಿಗೆ ಸಮಾನಾಂತರವಾಗಿ ಇಡುವುದಾದರೂ ಒಂದು ಡಬ್ಬಿಯನ್ನು ಆರು ಭಂಗಿಗಳಲ್ಲಿ ಇಡಬಹುದು. ಹತ್ತು ಡಬ್ಬಿಗಳ ಭಂಗಿಗಳಷ್ಟೇ ಆರು ಕೋಟಿಗೂ ಮೀರುತ್ತವೆ. ಯಾವುದನ್ನು ಮೊದಲು ಇಡಬೇಕೆಂಬ ಕ್ರಮಗಳು 36 ಲಕ್ಷದಾಚೆ. ಇಂಥ ಸಮಸ್ಯೆಗೆ ಎಲ್ಲ ಸಂದರ್ಭಗಳಲ್ಲೂ ಅತ್ಯುತ್ತಮ ಉತ್ತರವನ್ನು ಬೇಗ ಕೊಡುವ ವಿಧಾನ ಗಣಕವಿಜ್ಞಾನಕ್ಕೆ ದಕ್ಕಿಲ್ಲ. ಹಾಗಾಗಿ ದೊಡ್ಡ ಕಂಪನಿಗಳ ತಂತ್ರಾಂಶವೂ ಕೊಡುವುದು ‘ಸಾಕಷ್ಟು ಒಳ್ಳೆಯ’ ಉತ್ತರವನ್ನೇ. ಲಾರಿಗೆ ಸಾಮಾನು ತುಂಬುವ ಹಮಾಲರು ಭಾರದ್ದನ್ನು ಕೆಳಗೆ, ದೊಡ್ಡದನ್ನು ಮೊದಲು, ಚಿಕ್ಕದನ್ನು ಸಂದಿಗೆ ಎಂದು ಅನುಸರಿಸುವ ಕ್ರಮವನ್ನೇ ಈ ತಂತ್ರಾಂಶಗಳೂ ಬೇರೆ ಹೆಸರಿನಲ್ಲಿ ಅನುಸರಿಸುತ್ತವೆ.

ಪರಿಹಾರ ವಿನ್ಯಾಸದಲ್ಲೇ ಆರಂಭ

ಪೆಟ್ಟಿಗೆ ಆರಿಸುವ ಹಂತದಲ್ಲಿ ಉಳಿಸಬಹುದಾದ ಜಾಗಕ್ಕೆ ಮಿತಿ ಇದೆ. ವಸ್ತುವನ್ನು ರೂಪಿಸುವ ಹಂತದಲ್ಲಿ ಉಳಿಸಬಹುದಾದದ್ದು ಹೆಚ್ಚು. ಸ್ವೀಡನ್ನಿನ ಪೀಠೋಪಕರಣ ಕಂಪನಿಯೊಂದು 1956ರಲ್ಲಿ ಮೇಜಿನ ಕಾಲುಗಳನ್ನು ಬಿಚ್ಚಿ ಚಪ್ಪಟೆಯಾಗಿ ಕಟ್ಟಿ ಮಾರುವ ದಾರಿ ಹಿಡಿದು ತನ್ನ ಉದ್ಯಮವನ್ನೇ ಅದರ ಮೇಲೆ ಕಟ್ಟಿತು. ಅದೇ ಕಂಪನಿ ಕಾಫಿ ಲೋಟವೊಂದರ ಹಿಡಿಕೆ ಮತ್ತು ಎತ್ತರವನ್ನು ಬದಲಿಸಿ, ಒಂದು ಪ್ಯಾಲೆಟ್ಟಿನಲ್ಲಿ 864 ಲೋಟ ಹಿಡಿಸುತ್ತಿದ್ದ ಕಡೆ 2,024 ಲೋಟ ಹಿಡಿಸುವಂತೆ ಮಾಡಿದ್ದು ವಿನ್ಯಾಸ ತರಗತಿಗಳ ಪ್ರಸಿದ್ಧ ಉದಾಹರಣೆ.

ಇದನ್ನು ಹೊರಗಿನಿಂದ ಕಲಿಯಬೇಕಾದ ಸ್ಥಿತಿಯಲ್ಲಿ ನಾವಿಲ್ಲ. ದೇವರ ಮುಂದಿನ ಎತ್ತರದ ಹಿತ್ತಾಳೆ ದೀಪಗಳು ತಳ, ಕಂಬ, ತಟ್ಟೆ, ಶಿಖರ ಎಂದು ತಿರುಪಿನಿಂದ ಬಿಚ್ಚಿಕೊಳ್ಳುವಂತೆ ತಯಾರಾಗುತ್ತಲೇ ಬಂದಿವೆ. ಬುಟ್ಟಿ ಹೆಣೆಯುವವರು ಒಂದರೊಳಗೊಂದು ಕೂರುವ ಅಳತೆಗಳಲ್ಲಿ ಹೆಣೆದು ಸಂತೆಗೆ ಹೊತ್ತೊಯ್ಯುತ್ತಿದ್ದರು. ಇದೇ ವಿವೇಕವನ್ನು ಪಾರ್ಸೆಲ್ ಯುಗಕ್ಕೆ ತರಬೇಕಾಗಿದೆ. ಗಾಲಿ ಗೊಂಬೆಯ ಹಿಡಿಕೆ ಬಿಚ್ಚುವಂತಿರಲಿ, ಬಟ್ಟಲುಗಳು ಒಂದರೊಳಗೊಂದು ಕೂರಲಿ, ಚಾಚಿದ ಕೊಂಬೆಯೊಂದು ಪೆಟ್ಟಿಗೆಯ ಎತ್ತರವನ್ನು ಇಮ್ಮಡಿಸುವುದಾದರೆ ಅದು ಅಗತ್ಯವೇ ಎಂದು ಕಸುಬುದಾರರೇ ನಿರ್ಧರಿಸಲಿ. ಕಲೆಯನ್ನು ಪೆಟ್ಟಿಗೆಗಾಗಿ ಬಗ್ಗಿಸಬೇಕು ಎಂದು ಇದರ ಅರ್ಥವಲ್ಲ. ಯಾವ ವಕ್ರತೆಗೆ ಎಷ್ಟು ಬೆಲೆ ಎಂಬ ಅರಿವು ಅವರ ಕೈಯಲ್ಲಿರಬೇಕು.

ಕಾನೂನಿನ ಕಣ್ಣಿಗೆ ಬಿದ್ದ ಖಾಲಿ ಜಾಗ

ಖಾಲಿ ಜಾಗ ಈಗ ಕೆಲವು ದೇಶಗಳ ಕಾನೂನಿನ ವಿಷಯವೂ ಹೌದು. 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಪ್ಯಾಕೇಜಿಂಗ್ ನಿಯಮಾವಳಿ, 2030ರಿಂದ ಆನ್‌ಲೈನ್ ಮಾರಾಟದ ಮತ್ತು ಸಾಗಣೆಯ ಪೆಟ್ಟಿಗೆಗಳಲ್ಲಿ ಖಾಲಿ ಜಾಗ ಶೇ 50ನ್ನು ಮೀರಬಾರದು ಎನ್ನುತ್ತದೆ. ಕಾಗದದ ಚೂರು, ಗಾಳಿ ತುಂಬಿದ ದಿಂಬು, ಬಬಲ್ ಹಾಳೆಗಳಿಂದ ತುಂಬಿದ ಜಾಗವನ್ನೂ ಅದು ಖಾಲಿ ಎಂದೇ ಎಣಿಸುತ್ತದೆ. ದಕ್ಷಿಣ ಕೊರಿಯಾ ಪಾರ್ಸೆಲ್ ಪೆಟ್ಟಿಗೆಗಳಿಗೆ ಅಷ್ಟೇ ಮಿತಿಯನ್ನು 2024ರ ಏಪ್ರಿಲ್ ಕೊನೆಗೆ ಜಾರಿಗೆ ತಂದು, ಹೊಂದಿಕೊಳ್ಳಲು ಎರಡು ವರ್ಷಗಳ ಅವಕಾಶ ಕೊಟ್ಟಿತು. ಘನಾಕೃತಿಯ ಪೆಟ್ಟಿಗೆಯಲ್ಲಿ ಗೋಳ ಬಿಗಿಯಾಗಿ ಕೂತಾಗಲೇ ಶೇ 48 ಖಾಲಿ ಇರುತ್ತದೆ ಎಂಬುದನ್ನು ನೆನೆದರೆ, ದುಂಡನೆಯ ವಸ್ತುಗಳನ್ನು ಯುರೋಪಿಗೆ ಕಳುಹಿಸುವ ನಮ್ಮ ಕರಕುಶಲ ರಫ್ತುದಾರರು ಈ ಮಿತಿಯನ್ನು ಈಗಿನಿಂದಲೇ ಗಂಭೀರವಾಗಿ ಪರಿಗಣಿಸಬೇಕು.

ಇನ್ನೊಂದು ಪ್ರಶ್ನೆ ಅಳತೆಯ ವಿಶ್ವಾಸಾರ್ಹತೆಯದು. ವ್ಯಾಪಾರದಲ್ಲಿ ಬಳಸುವ ತಕ್ಕಡಿ ಪರಿಶೀಲನೆಗೆ ಒಳಪಟ್ಟು ಮುದ್ರೆ ಪಡೆದಿರಬೇಕು ಎಂಬುದು 2009ರ ಕಾನೂನು ಮಾಪನ ಕಾಯ್ದೆಯ ಮೂಲತತ್ವ. ಅಂಗಡಿಯ ಮುಂದೆ ನಿಂತ ಗ್ರಾಹಕರಿಗೆ ಮುಳ್ಳು ಕಾಣುತ್ತದೆ, ಮುದ್ರೆಯ ದಿನಾಂಕ ಕೇಳುವ ಹಕ್ಕೂ ಇದೆ. ಬಹು ಆಯಾಮಗಳನ್ನು ಅಳೆಯುವ ಉಪಕರಣಗಳಿಗೂ ಕಾನೂನುಬದ್ಧ ಮಾಪನದ ಅಂತರರಾಷ್ಟ್ರೀಯ ಶಿಫಾರಸು 2000ನೇ ಇಸವಿಯಿಂದ ಇದೆ. ಯುರೋಪು ಮತ್ತು ಅಮೆರಿಕದ ಮಾಪನ ನಿಯಮಗಳೂ ಇಂಥ ಉಪಕರಣಗಳನ್ನು ಒಳಗೊಂಡಿವೆ. ಆದರೆ ಪಾರ್ಸೆಲ್ ಅಳತೆ ನಡೆಯುವುದು ಕಳುಹಿಸಿದವರ ಕಣ್ಣಿಗೆ ಕಾಣದ ಗೋದಾಮಿನಲ್ಲಿ, ದರ ವಸೂಲು ಮಾಡುವವರ ಯಂತ್ರದಲ್ಲಿ. ಇಲ್ಲಿ ಮುದ್ರೆಯಷ್ಟೇ ಸಾಲದು. ಅಳತೆಯ ದಾಖಲೆ ಎರಡೂ ಪಕ್ಷಗಳಿಗೆ ಸಿಗಬೇಕು.

ತೂಗಿ ನೋಡಿದಾಗ

ಸಾಗಣೆದಾರರ ವಾದದಲ್ಲಿ ಹುರುಳಿದೆ. ಲಾರಿ, ವಿಮಾನಗಳಲ್ಲಿ ಹಲವು ಸಲ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ತುಂಬಿಹೋಗುತ್ತದೆ. ಜಾಗಕ್ಕೆ ದರವಿಲ್ಲದಿದ್ದರೆ ಭಾರದ ಸರಕು ಕಳುಹಿಸುವವರು ಹಗುರ ಸರಕಿನವರ ಖರ್ಚನ್ನು ಹೊರಬೇಕಾಗುತ್ತದೆ. ಪೆಟ್ಟಿಗೆಯನ್ನು ಚಿಕ್ಕದಾಗಿಸಲು ಯಾರಿಗೂ ಕಾರಣ ಇರುವುದಿಲ್ಲ. ಗಾತ್ರದ ದರವು ವ್ಯರ್ಥ ಪ್ಯಾಕಿಂಗ್‌ಗೆ ತಡೆಯೂ ಹೌದು. ಇನ್ನೊಂದು ಬದಿಯಲ್ಲಿ ಸಣ್ಣ ಉತ್ಪಾದಕರ ಅಳಲೂ ಸಕಾರಣ. ಭಾಜಕವನ್ನು ನಿಗದಿ ಮಾಡುವುದು, ಭಿನ್ನಭಾಗವನ್ನು ಮೇಲಕ್ಕೇರಿಸುವುದು, ಅಳೆಯುವುದು, ತಕರಾರು ತೀರ್ಮಾನಿಸುವುದು ನಾಲ್ಕೂ ಒಂದೇ ಕೈಯಲ್ಲಿವೆ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ಬಲ ದೊಡ್ಡ ಮಾರಾಟಗಾರರಿಗೆ ಇದೆ, ಸಣ್ಣವರಿಗೆ ಇಲ್ಲ. ಗ್ರಾಹಕರಿಗೂ ತಮ್ಮ ಹಿತವಿದೆ: ಪೆಟ್ಟಿಗೆ ಎಷ್ಟೇ ಚಿಕ್ಕದಾದರೂ ಒಳಗಿನ ವಸ್ತು ಒಡೆದು ಬಂದರೆ ಅದು ವಾಪಸು ಪ್ರಯಾಣ ಮಾಡುತ್ತದೆ, ಮತ್ತೊಂದು ವಸ್ತು ಹೊರಡುತ್ತದೆ, ಉಳಿಸಿದ ಜಾಗಕ್ಕಿಂತ ಹೆಚ್ಚು ಜಾಗ ಖರ್ಚಾಗುತ್ತದೆ.

ಇವೆಲ್ಲವನ್ನೂ ಗಮನಿಸಿದಾಗ ಜಾಗಕ್ಕೆ ದರ ವಿಧಿಸುವ ತತ್ವ ನ್ಯಾಯಸಮ್ಮತ, ಅದರ ಈಗಿನ ಆಚರಣೆ ತಿದ್ದುಪಡಿ ಬೇಡುತ್ತದೆ ಎಂಬ ನಿಲುವಿಗೆ ಬರಬೇಕಾಗುತ್ತದೆ. ಗೋದಾಮಿನ ಯಂತ್ರ ತೆಗೆದ ಚಿತ್ರ ಮತ್ತು ಮೂರು ಆಯಾಮಗಳು ಹಣ ಕಡಿತಕ್ಕೆ ಮೊದಲೇ ಕಳುಹಿಸಿದವರಿಗೆ ತಲುಪಬೇಕು. ಉಬ್ಬಿದ ರಟ್ಟಿಗೆ ಸೆಂಟಿಮೀಟರಿನ ಒಂದು ಸ್ಪಷ್ಟ ಸಹನಮಿತಿ ಒಪ್ಪಂದದಲ್ಲೇ ಇರಬೇಕು. ತಕರಾರನ್ನು ಕೇಳುವವರು ಅಳೆದವರಾಗಿರಬಾರದು. ಕರಕುಶಲ ಕ್ಲಸ್ಟರುಗಳಲ್ಲಿ ಪರಿಶೀಲನೆಗೊಂಡ ತೂಕದ ಯಂತ್ರದ ಜೊತೆಗೆ ಅಳತೆಯ ಮೂಲೆಹಲಗೆ, ಕೆಲವೇ ಒಪ್ಪಿತ ಅಳತೆಗಳ ಪೆಟ್ಟಿಗೆಗಳ ಸಾಮೂಹಿಕ ದಾಸ್ತಾನು, ಪ್ಯಾಕಿಂಗ್ ತರಬೇತಿ ಇದ್ದರೆ ಒಬ್ಬೊಬ್ಬ ಕುಶಲಕರ್ಮಿಯೂ ಚಿಲ್ಲರೆ ಬೆಲೆಗೆ ಪೆಟ್ಟಿಗೆ ಕೊಳ್ಳುವುದು ತಪ್ಪುತ್ತದೆ. ಇವು ಯಾವುವೂ ದುಬಾರಿ ತಂತ್ರಜ್ಞಾನವಲ್ಲ. ಸಂತೆಯ ಸೇರಿಗೆ ಮುದ್ರೆ ಹಾಕಿಸಿ ಅಳತೆಯ ನ್ಯಾಯವನ್ನು ಸರ್ಕಾರದ ಹೊಣೆ ಎಂದು ಒಪ್ಪಿದ ಸಮಾಜ, ಪಾರ್ಸೆಲ್ ಪೆಟ್ಟಿಗೆಯ ಅಳತೆಯನ್ನೂ ಅದೇ ಹೊಣೆಯೊಳಗೆ ತರುವುದು ತರ್ಕಬದ್ಧವಾದ ಮುಂದಿನ ಹೆಜ್ಜೆ.